ನೃಪತುಂಗನ ನಾಡಿನ ಗಣಿತಾಚಾರ್ಯ

ಅರಸರ ಚರಿತ್ರೆಯನ್ನು ನಾವು ಶಾಸನಗಳಿಂದ ತಿಳಿಯುತ್ತೇವೆ. ಕವಿಗಳ ಚರಿತ್ರೆಯನ್ನು ಅವರ ಕಾವ್ಯಗಳ ಆದ್ಯಂತ ಪದ್ಯಗಳಿಂದ ಊಹಿಸಿಕೊಳ್ಳುತ್ತೇವೆ. ಗಣಿತಜ್ಞನ ಚರಿತ್ರೆಗಾದರೋ ಅವನು ಬಿಟ್ಟುಹೋದ ಸೂತ್ರಗಳೇ ಶಾಸನ, ಅವನು ಕೇಳಿದ ಲೆಕ್ಕಗಳೇ ಆತ್ಮಕಥೆ. ಇಂಥ ಚರಿತ್ರೆಯುಳ್ಳ ಮಹನೀಯರೊಬ್ಬರು ಒಂಬತ್ತನೆಯ ಶತಮಾನದಲ್ಲಿ ನಮ್ಮ ನಾಡಿನಲ್ಲಿ ಬಾಳಿದರು. ಅವರೇ ಗಣಿತಸಾರಸಂಗ್ರಹವೆಂಬ ಗ್ರಂಥವನ್ನು ರಚಿಸಿದ ಮಹಾವೀರಾಚಾರ್ಯರು. ಜೈನರ ಇಪ್ಪತ್ತನಾಲ್ಕನೆಯ ತೀರ್ಥಂಕರನಾದ ವರ್ಧಮಾನ ಮಹಾವೀರನೊಡನೆ ಇವರನ್ನು ಬೆರೆಸಬಾರದು; ಇವರು ಆ ತೀರ್ಥಂಕರನ ಹೆಸರನ್ನು ಹೊತ್ತ, ಅವನಿಗೆ ಸಾವಿರಕ್ಕೂ ಹೆಚ್ಚು ವರ್ಷ ಈಚಿನ ದಿಗಂಬರ ಪರಂಪರೆಯ ವಿದ್ವಾಂಸರು.

ನಾನು ಸೇಡಂ ತಾಲೂಕಿನ ಕುರಕುಂಟಾದವನು. ವಾಡಿಯ ಕಡೆಯಿಂದ ರೈಲಿನಲ್ಲಿ ನಮ್ಮೂರಿಗೆ ಬರುವವರು ಚಿತ್ತಾಪುರವನ್ನು ದಾಟಿ, ಮಳಖೇಡ ರೋಡ್ ಎಂಬ ನಿಲ್ದಾಣವನ್ನು ಕಂಡು, ಸೇಡಂ ಕಳೆದು ಬರುತ್ತಾರೆ. ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಕನ್ನಡ ತರಗತಿಯಲ್ಲಿ ನಾವೆಲ್ಲರೂ ನೃಪತುಂಗನ ಹೆಸರನ್ನೂ ಕವಿರಾಜಮಾರ್ಗದ ಹೆಸರನ್ನೂ ಬಾಯಿಪಾಠ ಮಾಡಿದ್ದೇವೆ. ಆದರೆ ಅದೇ ಅರಸನ ಆಳಿಕೆಯಲ್ಲಿ ಹುಟ್ಟಿದ ಗಣಿತಗ್ರಂಥದ ಮಾತು ಬಂದರೆ, ಅದು ವಿಜ್ಞಾನದ ವಿದ್ಯಾರ್ಥಿಗಳಿಗೆ ಸೇರಿದ್ದೆಂದು ಕಲಾ ವಿಭಾಗದ ನಾವು ಪುಟ ಮಗುಚುತ್ತೇವೆ. ಆ ಎಣಿಕೆ ಸರಿಯಲ್ಲವೆಂದು ತೋರಿಸುವುದೇ ಈ ಲೇಖನದ ಉದ್ದೇಶ. ಛಂದಸ್ಸಿನ ಗುರು ಲಘುಗಳಿಗಾಗಿ ಹುಟ್ಟಿದ ಎಣಿಕೆಯೊಂದು ಇಂದು ಜೀವಿಗಳ ನಂಟಸ್ತಿಕೆಯನ್ನು ಅಳೆಯುವ ವಿದ್ಯೆಗೆ ಹೇಗೆ ನೆರವಾಗಿದೆಯೆಂಬುದನ್ನು ಮಹಾವೀರಾಚಾರ್ಯರ ಗ್ರಂಥದ ಮೂಲಕ ಹೇಳಲು ಯತ್ನಿಸಿದ್ದೇನೆ.

ಮೊದಲು ಅವರ ಕಾಲವನ್ನು ನೋಡೋಣ. ಅಮೋಘವರ್ಷ ನೃಪತುಂಗನು ಕ್ರಿ.ಶ. 814ರಲ್ಲಿ ಇನ್ನೂ ಬಾಲಕನಾಗಿದ್ದಾಗಲೇ ಪಟ್ಟಕ್ಕೆ ಬಂದನು. 878ರವರೆಗೆ, ಎಂದರೆ ಸುಮಾರು 64 ವರ್ಷಗಳ ದೀರ್ಘಕಾಲ, ರಾಜ್ಯವಾಳಿದನು. ಆರಂಭದ ವರ್ಷಗಳಲ್ಲಿ ಸಾಮಂತರ ದಂಗೆಯಿಂದ ಸಿಂಹಾಸನವೇ ಅಲುಗಾಡಿತು. ಅದನ್ನು ಗೆದ್ದುಕೊಂಡ ಮೇಲೆ ಅವನ ಮನಸ್ಸು ಯುದ್ಧಕ್ಕಿಂತ ವಿದ್ಯೆಯ ಕಡೆಗೇ ಹೆಚ್ಚಾಗಿ ಒಲಿಯಿತು. ಕಾಗಿಣಾ ನದಿಯ ದಡದ ಮಾನ್ಯಖೇಟವು ದೂರದೇಶದ ಪ್ರವಾಸಿಗಳ ಬರಹದಲ್ಲಿಯೂ ಹೆಸರು ಪಡೆಯಿತು. ಸುಲೈಮಾನನೆಂಬ ಅರಬ್ಬೀ ವರ್ತಕನು ಬಲ್ಹರನೆಂದು ಕರೆದ ಈ ವಂಶದ ಅರಸನನ್ನು ಜಗತ್ತಿನ ನಾಲ್ವರು ದೊಡ್ಡ ದೊರೆಗಳಲ್ಲಿ ಒಬ್ಬನನ್ನಾಗಿ ಎಣಿಸಿದನು. ಜಿನಸೇನಾಚಾರ್ಯರು ಆದಿಪುರಾಣವನ್ನು ಬರೆದದ್ದು ಈ ಕಾಲದಲ್ಲಿ. ಶಾಕಟಾಯನನು ತನ್ನ ವ್ಯಾಕರಣದ ವೃತ್ತಿಗೆ ಅರಸನ ಹೆಸರನ್ನೇ ಇಟ್ಟು ಅಮೋಘವೃತ್ತಿಯೆಂದು ಕರೆದದ್ದೂ ಈ ಕಾಲದಲ್ಲಿಯೇ. ಕನ್ನಡದಲ್ಲಿ ಶ್ರೀವಿಜಯನ ಕವಿರಾಜಮಾರ್ಗವು ಮೂಡಿತು. ಪದವನ್ನು ಅಳೆಯುವವರು, ಪದ್ಯವನ್ನು ಅಳೆಯುವವರು, ಧರ್ಮವನ್ನು ಅಳೆಯುವವರು ಹೀಗೆ ಒಂದೇ ನಾಡಿನಲ್ಲಿ ನೆರೆದಿದ್ದ ಆ ಕಾಲದಲ್ಲಿ ಸಂಖ್ಯೆಯನ್ನೇ ಅಳೆಯಬಲ್ಲವರೊಬ್ಬರು ಹುಟ್ಟಿಬಂದದ್ದು ಆಶ್ಚರ್ಯವಲ್ಲ.

ಮಹಾವೀರಾಚಾರ್ಯರು ಸುಮಾರು ಕ್ರಿ.ಶ. 850ರಲ್ಲಿ ತಮ್ಮ ಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದರು. ತಮ್ಮ ಊರು, ತಂದೆತಾಯಿ, ಗುರುಗಳು ಇವರ ಬಗೆಗೆ ಅವರು ಒಂದು ಮಾತನ್ನೂ ಹೇಳಿಕೊಂಡಿಲ್ಲ. ಗ್ರಂಥಾರಂಭದಲ್ಲಿ ಜಿನನಿಗೆ ನಮಸ್ಕರಿಸಿ, ನೃಪತುಂಗನ ಆಳಿಕೆ ಏಳಿಗೆ ಹೊಂದಲೆಂದು ಹರಸಿ, ಬಳಿಕ ಗಣಿತವನ್ನು ಹೊಗಳಲು ತೊಡಗುತ್ತಾರೆ. ಆ ಹೊಗಳಿಕೆಯಲ್ಲಿಯೇ ಅವರ ಸ್ವಭಾವ ನಮಗೆ ಗೋಚರಿಸುತ್ತದೆ. ಲೋಕವ್ಯವಹಾರದಲ್ಲಿ, ವೈದಿಕ ಕರ್ಮಗಳಲ್ಲಿ, ಪ್ರೇಮದಲ್ಲಿ, ಹಣಕಾಸಿನಲ್ಲಿ, ಸಂಗೀತ ನಾಟ್ಯಗಳಲ್ಲಿ, ಅಡುಗೆಯಲ್ಲಿ, ವೈದ್ಯದಲ್ಲಿ, ಮನೆ ಕಟ್ಟುವುದರಲ್ಲಿ, ಛಂದಸ್ಸು ಅಲಂಕಾರಗಳಲ್ಲಿ, ತರ್ಕ ವ್ಯಾಕರಣಗಳಲ್ಲಿ ಎಲ್ಲೆಲ್ಲಿಯೂ ಗಣಿತವಿದೆಯೆಂದು ಅವರು ಸಾರುತ್ತಾರೆ. ಅಡುಗೆಮನೆಯನ್ನೂ ಕಾವ್ಯವನ್ನೂ ಒಂದೇ ಪಟ್ಟಿಯಲ್ಲಿ ಕೂಡಿಸಿದ ಆ ಮನಸ್ಸು ಎಷ್ಟು ವಿಶಾಲವಾಗಿರಬೇಕು!

ಅವರಿಗಿಂತ ಹಿಂದಿನ ಆರ್ಯಭಟ, ಬ್ರಹ್ಮಗುಪ್ತ ಮೊದಲಾದ ಮಹಾಮಹಿಮರು ಗಣಿತವನ್ನು ಜ್ಯೋತಿಷದ ಗ್ರಂಥಗಳಲ್ಲಿ ಒಂದೆರಡು ಅಧ್ಯಾಯಗಳಾಗಿ ಸೇರಿಸಿದ್ದರು. ಗ್ರಹಗತಿಯೇ ಅಲ್ಲಿ ಮುಖ್ಯ, ಲೆಕ್ಕವು ಅದರ ಸೇವಕ. ಮಹಾವೀರಾಚಾರ್ಯರು ಗ್ರಹಗಳನ್ನು ಬದಿಗಿಟ್ಟು ಗಣಿತಕ್ಕಾಗಿಯೇ ಒಂದು ಸಂಪೂರ್ಣ ಪಠ್ಯಪುಸ್ತಕವನ್ನು ರಚಿಸಿದರು. ಅದರಲ್ಲಿ ಒಂಬತ್ತು ಅಧ್ಯಾಯಗಳಿವೆ, 1,100ಕ್ಕೂ ಹೆಚ್ಚು ಪದ್ಯಗಳಿವೆ. ಒಂದರಿಂದ ತೊಡಗಿ 24 ಸ್ಥಾನಗಳವರೆಗೆ ಸಂಖ್ಯಾಸ್ಥಾನಗಳಿಗೆ ಹೆಸರುಗಳನ್ನು ಹೇಳಿದ್ದಾರೆ. ಭಿನ್ನರಾಶಿಗಳನ್ನು ಕೂಡುವಾಗ ಛೇದಗಳ ಲಘುತಮ ಸಾಮಾನ್ಯ ಗುಣಕವನ್ನು ಬಳಸುವ ಕ್ರಮವನ್ನು ನಿರುದ್ಧವೆಂಬ ಹೆಸರಿನಿಂದ ಕೊಟ್ಟಿದ್ದಾರೆ. ಋಣಸಂಖ್ಯೆಯು ಯಾವ ಸಂಖ್ಯೆಯ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ನುಡಿದಿದ್ದಾರೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆಯು ಹಾಗೆಯೇ ಉಳಿಯುವುದೆಂದು ಅವರು ಹೇಳಿದ್ದನ್ನು ಮಾತ್ರ ಇಂದಿನ ಗಣಿತವು ಒಪ್ಪುವುದಿಲ್ಲ. ಹಿರಿಯರನ್ನು ಗೌರವಿಸುವುದೆಂದರೆ ಅವರ ತಪ್ಪನ್ನು ಮುಚ್ಚುವುದಲ್ಲವಾದ್ದರಿಂದ ಇದನ್ನೂ ಹೇಳಬೇಕು.

ಪಾಠ ಹೇಳುವಾಗ ವಿದ್ಯಾರ್ಥಿಯು ತೂಕಡಿಸಬಾರದೆಂಬ ಕಾಳಜಿ ಅವರಿಗಿತ್ತೆಂದು ತೋರುತ್ತದೆ. ಅವರ ಲೆಕ್ಕಗಳಲ್ಲಿ ಆನೆಗಳು, ದುಂಬಿಗಳು, ನವಿಲುಗಳು ಬರುತ್ತವೆ. ಪ್ರಣಯಕಲಹದಲ್ಲಿ ಹರಿದು ಚೆಲ್ಲಿದ ಮುತ್ತಿನ ಹಾರವೂ ಬರುತ್ತದೆ. ಗುಣಾಕಾರದ ಅಧ್ಯಾಯದಲ್ಲಿ ಉತ್ತರವು ಕಂಠಾಭರಣದಂತೆ ಎರಡು ಕಡೆಯಿಂದ ಓದಿದರೂ ಒಂದೇ ಆಗಿರುವ ಲೆಕ್ಕಗಳನ್ನು ಅವರು ಪೋಣಿಸಿದ್ದಾರೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ 11111111. 142857143ನ್ನು 7ರಿಂದ ಗುಣಿಸಿದರೆ 1000000001. ಓದುಗರು ಕಾಗದ ಪೆನ್ಸಿಲು ಹಿಡಿದು ತಾವೇ ಗುಣಿಸಿ ನೋಡಬಹುದು. ಸಾವಿರದ ನೂರು ವರ್ಷಗಳ ಹಿಂದಿನ ವಿದ್ಯಾರ್ಥಿ ಪಟ್ಟ ಸಂತೋಷವನ್ನೇ ತಾವೂ ಪಡುವಿರಿ.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಗ್ರಂಥದ ಮಿಶ್ರಕವ್ಯವಹಾರವೆಂಬ ಅಧ್ಯಾಯದಲ್ಲಿ ಹಲವು ವಸ್ತುಗಳಿಂದ ಕೆಲವನ್ನು ಆರಿಸಿಕೊಳ್ಳುವ ಬಗೆಗಳೆಷ್ಟು ಎಂಬುದಕ್ಕೆ ಒಂದು ಸಾಮಾನ್ಯ ನಿಯಮವಿದೆ. ಒಂದರಿಂದ ತೊಡಗಿ ಏರುವ ಅಂಕಿಗಳನ್ನು ಕೆಳಗೂ, ಒಟ್ಟು ಸಂಖ್ಯೆಯಿಂದ ತೊಡಗಿ ಇಳಿಯುವ ಅಂಕಿಗಳನ್ನು ಮೇಲೂ ಬರೆದು, ಬೇಕಾದಷ್ಟು ಸ್ಥಾನಗಳವರೆಗೆ ಮೇಲಿನವನ್ನೂ ಕೆಳಗಿನವನ್ನೂ ಬೇರೆ ಬೇರೆ ಗುಣಿಸಿ, ಮೇಲಿನ ಗುಣಲಬ್ಧವನ್ನು ಕೆಳಗಿನದರಿಂದ ಭಾಗಿಸಬೇಕು. ಹತ್ತರಲ್ಲಿ ಎರಡನ್ನು ಆರಿಸುವ ಬಗೆಗಳೆಷ್ಟು? ಹತ್ತನ್ನು ಒಂಬತ್ತರಿಂದ ಗುಣಿಸಿದರೆ 90, ಒಂದನ್ನು ಎರಡರಿಂದ ಗುಣಿಸಿದರೆ 2, ಭಾಗಿಸಿದರೆ 45. ಪದವಿಪೂರ್ವ ತರಗತಿಯಲ್ಲಿ ವಿಕಲ್ಪವೆಂದು ಕಲಿಸುವ ಸೂತ್ರವು ಇದೇ. ಇದರ ಬಿಡಿ ಉದಾಹರಣೆಗಳು ಹಿಂದೆಯೂ ಇದ್ದವು. ಆದರೆ ಇದನ್ನು ಸಾಮಾನ್ಯ ಸೂತ್ರವಾಗಿ ಹೇಳಿದವರಲ್ಲಿ ಮಹಾವೀರಾಚಾರ್ಯರು ಮೊದಲಿಗರೆಂದು ಗಣಿತದ ಇತಿಹಾಸಕಾರರು ಎಣಿಸುತ್ತಾರೆ.

ಅವರು ಕೊಟ್ಟ ಉದಾಹರಣೆಗಳನ್ನು ಗಮನಿಸಬೇಕು. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರಸಗಳನ್ನು ಒಂದೊಂದಾಗಿ, ಎರಡೆರಡಾಗಿ, ಹೀಗೆ ಆರರವರೆಗೆ ಬೆರೆಸಿದರೆ ಎಷ್ಟು ಬಗೆ? ಕ್ರಮವಾಗಿ 6, 15, 20, 15, 6, 1, ಒಟ್ಟು 63. ಮುಂದೆ ರತ್ನಗಳಿಂದ ಹಾರ ಮಾಡುವ ಲೆಕ್ಕ, ಅದರ ಮುಂದೆ ಹೂಗಳಿಂದ ಮಾಲೆ ಕಟ್ಟುವ ಲೆಕ್ಕ. ಆಮೇಲೆ ಅದೇ ಅಧ್ಯಾಯದ ಕೊನೆಯಲ್ಲಿ ಛಂದಸ್ಸಿನ ಗುರು ಲಘುಗಳು. ರಸ ನಾಲಗೆಗೆ ಸೇರಿದ್ದು, ರತ್ನ ಕಣ್ಣಿಗೆ ಸೇರಿದ್ದು, ಹೂವು ಮೂಗಿಗೆ ಸೇರಿದ್ದು, ಪದ್ಯ ಕಿವಿಗೆ ಸೇರಿದ್ದು. ನಿಯಮವಾದರೋ ಇವು ಯಾವುವೆಂದು ಕೇಳುವುದೇ ಇಲ್ಲ. ಎಷ್ಟೆಂದು ಮಾತ್ರ ಕೇಳುತ್ತದೆ. ಇದೇ ಮಹಾವೀರಾಚಾರ್ಯರ ದೊಡ್ಡ ಕಾಣಿಕೆಯೆಂದು ನನ್ನ ಭಾವನೆ. ವಸ್ತುವನ್ನು ಕೇಳದ ನಿಯಮವು, ನಿಯಮ ಮಾಡಿದವರು ಕಾಣದೆ ಇದ್ದ ವಸ್ತುವಿಗೂ ಸಲ್ಲುತ್ತದೆ.

ಛಂದಸ್ಸಿನ ಈ ಎಣಿಕೆಯು ಅವರಿಗಿಂತ ಬಹಳ ಹಳೆಯದು. ಪಿಂಗಲನ ಛಂದಃಸೂತ್ರದಿಂದ ಬಂದದ್ದು. ಅದರಲ್ಲಿ ಆರು ಪ್ರತ್ಯಯಗಳುಂಟು. ಇಷ್ಟು ಅಕ್ಷರಗಳ ಪಾದದಲ್ಲಿ ಗುರು ಲಘುಗಳ ಎಲ್ಲ ಜೋಡಣೆಗಳನ್ನೂ ಕ್ರಮವಾಗಿ ಬರೆಯುವುದು ಪ್ರಸ್ತಾರ. ಇಂತಿಷ್ಟನೆಯ ಸಾಲು ಯಾವುದೆಂದು ಪಟ್ಟಿಯನ್ನು ನೋಡದೆ ಹೇಳುವುದು ನಷ್ಟ. ಸಾಲನ್ನು ಕೊಟ್ಟರೆ ಅದು ಎಷ್ಟನೆಯದೆಂದು ಹೇಳುವುದು ಉದ್ದಿಷ್ಟ. ಇಷ್ಟು ಲಘುಗಳುಳ್ಳ ಸಾಲುಗಳೆಷ್ಟೆಂದು ಹೇಳುವುದು ಲಗಕ್ರಿಯೆ. ಒಟ್ಟು ಸಾಲುಗಳನ್ನು ಹೇಳುವುದು ಸಂಖ್ಯೆ. ಅವುಗಳನ್ನು ಬರೆಯಲು ಬೇಕಾದ ಜಾಗವನ್ನು ಹೇಳುವುದು ಅಧ್ವ.

ಮೂರು ಅಕ್ಷರಗಳ ಪ್ರಸ್ತಾರದಲ್ಲಿ ಎಂಟು ಸಾಲುಗಳು. ಅವೇ ನಾವು ಕಲಿತ ಎಂಟು ಅಕ್ಷರಗಣಗಳು. ಮೊದಲನೆಯದು ಮೂರೂ ಗುರುವಾದ ಮಗಣ. ಎಂಟನೆಯದು ಮೂರೂ ಲಘುವಾದ ನಗಣ. ಆರನೆಯದು ಯಾವುದು? ಪಟ್ಟಿ ಬೇಕಿಲ್ಲ. ಆರು ಸಮಸಂಖ್ಯೆಯಾದ್ದರಿಂದ ಅರ್ಧಮಾಡಿ ಲಘುವನ್ನು ಬರೆಯಿರಿ, ಮೂರು ಉಳಿಯಿತು. ಮೂರು ಬೆಸವಾದ್ದರಿಂದ ಒಂದನ್ನು ಕೂಡಿ ಅರ್ಧಮಾಡಿ ಗುರುವನ್ನು ಬರೆಯಿರಿ, ಎರಡು ಉಳಿಯಿತು. ಎರಡು ಸಮ, ಅರ್ಧಮಾಡಿ ಲಘುವನ್ನು ಬರೆಯಿರಿ. ಲಘು, ಗುರು, ಲಘು: ಜಗಣ. ಉದ್ದಿಷ್ಟವು ಇದರ ತಿರುಗು. ಅಕ್ಷರಗಳ ಮೇಲೆ ಕ್ರಮವಾಗಿ 1, 2, 4 ಎಂದು ಇಟ್ಟು, ಲಘುಗಳ ಮೇಲಿನ ಅಂಕಿಗಳನ್ನು ಕೂಡಿ, ಒಂದನ್ನು ಸೇರಿಸಿದರೆ ಸಾಲಿನ ಸಂಖ್ಯೆ ಸಿಕ್ಕುತ್ತದೆ. ಜಗಣಕ್ಕೆ ಒಂದು ಮತ್ತು ನಾಲ್ಕು ಕೂಡಿ ಐದು. ಒಂದು ಸೇರಿ ಆರು. ಹೀಗೆ ಪ್ರತಿಯೊಂದು ಸಾಲಿಗೂ ಒಂದು ಸಂಖ್ಯೆ, ಪ್ರತಿಯೊಂದು ಸಂಖ್ಯೆಗೂ ಒಂದು ಸಾಲು. ಇಂದು ಗಣಕಯಂತ್ರವು ಸೊನ್ನೆ ಒಂದುಗಳಿಂದ ಅಕ್ಷರವನ್ನು ಸಂಕೇತಕ್ಕೆ ಇಳಿಸುವುದೂ ಸಂಕೇತದಿಂದ ಅಕ್ಷರವನ್ನು ಎತ್ತುವುದೂ ಇದೇ ಜಾತಿಯ ಕೆಲಸ. ಸಂಕೇತವಿದ್ಯೆಯೆಂಬ ಹೆಸರಿನಿಂದ ಅದು ಗಣಿತದ ಒಂದು ಶಾಖೆಯಾಗಿ ಬೆಳೆದಿದೆ.

ಆ ಶಾಖೆಯ ಹುಟ್ಟಿನಲ್ಲಿ ಅಮೆರಿಕದ ರಿಚರ್ಡ್ ಹ್ಯಾಮಿಂಗನ ಹೆಸರು ದೊಡ್ಡದು. ಬೆಲ್ ಪ್ರಯೋಗಾಲಯದಲ್ಲಿದ್ದ ಅವನು 1950ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಎರಡು ಸಾಲುಗಳ ನಡುವಣ ದೂರವೆಂಬ ಕಲ್ಪನೆಯನ್ನು ತಂದನು. ಸಮನಾದ ಉದ್ದದ ಎರಡು ಸಾಲುಗಳು ಎಷ್ಟು ಸ್ಥಾನಗಳಲ್ಲಿ ಬೇರೆಯಾಗಿವೆಯೋ ಅಷ್ಟೇ ಅವುಗಳ ದೂರ. ಹೌದು ಎಂಬುದಕ್ಕೆ ಮೂರು ಗುರುಗಳನ್ನೂ ಅಲ್ಲ ಎಂಬುದಕ್ಕೆ ಮೂರು ಲಘುಗಳನ್ನೂ ಸಂಕೇತವಾಗಿ ಇಟ್ಟುಕೊಂಡೆವೆನ್ನೋಣ. ದಾರಿಯಲ್ಲಿ ಒಂದಕ್ಷರ ಕೆಟ್ಟು ಗುರು, ಗುರು, ಲಘು ಎಂದು ಬಂದರೂ ಅದು ಮೂರು ಗುರುಗಳಿಗೆ ಹತ್ತಿರವಾದ್ದರಿಂದ ಹೌದೆಂದೇ ತಿದ್ದಿಕೊಳ್ಳಬಹುದು. ಹಳೆಯ ಲಿಪಿಕಾರರ ತಪ್ಪನ್ನು ಪಂಡಿತರು ಹಿಡಿಯುವುದೂ ಹೀಗೆಯೇ ಅಲ್ಲವೆ? ವೃತ್ತದಲ್ಲಿ ಗುರುವಿರಬೇಕಾದೆಡೆ ಲಘು ಬಂದರೆ, ಅಲ್ಲಿ ಪ್ರತಿಕಾರನ ಕೈ ಜಾರಿದೆಯೆಂದು ಛಂದಸ್ಸೇ ದೂರು ಹೇಳುತ್ತದೆ.

ಇನ್ನು ಜೀವಶಾಸ್ತ್ರಕ್ಕೆ ಬರೋಣ. ಪ್ರತಿಯೊಂದು ಜೀವಕೋಶದಲ್ಲಿಯೂ ಡಿ.ಎನ್.ಎ. ಎಂಬ ಉದ್ದನೆಯ ಎಳೆಯಿದೆ. ಅದರ ಜೋಡಿಸುರುಳಿಯ ರಚನೆಯನ್ನು ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಪ್ರಕಟಿಸಿದರು. ಅಡಿನೀನ್, ಗ್ವಾನೀನ್, ಸೈಟೋಸೀನ್, ಥೈಮೀನ್ ಎಂಬ ನಾಲ್ಕೇ ಘಟಕಗಳು ಒಂದರ ಮುಂದೊಂದು ನಿಂತು ಆ ಎಳೆಯಾಗಿದೆ. ಅವನ್ನು ಎ, ಜಿ, ಸಿ, ಟಿ ಎಂಬ ನಾಲ್ಕು ಅಕ್ಷರಗಳೆಂದು ಬರೆಯುವ ರೂಢಿ. ಮೂರು ಮೂರು ಅಕ್ಷರಗಳು ಸೇರಿ ಒಂದೊಂದು ಮಾತಾಗುತ್ತದೆ. ನಾಲ್ಕನ್ನು ಮೂರು ಸಲ ಗುಣಿಸಿದರೆ 64 ಮಾತುಗಳು. ನಮ್ಮ ಎಂಟು ಗಣಗಳಿಗೆ ಎರಡು ಅಕ್ಷರಗಳು ಸಾಕು, ಪ್ರಕೃತಿಯ 64 ಗಣಗಳಿಗೆ ನಾಲ್ಕು ಅಕ್ಷರಗಳು ಬೇಕು. ಎಣಿಕೆಯ ದಾರಿ ಒಂದೇ. ಈ ಮಾತುಗಳ ಅರ್ಥವನ್ನು ಬಿಡಿಸಿದವರಲ್ಲಿ ಅವಿಭಜಿತ ಭಾರತದಲ್ಲಿ ಹುಟ್ಟಿದ ಹರಗೋಬಿಂದ ಖೊರಾನಾ ಒಬ್ಬರು. ಅದಕ್ಕಾಗಿ 1968ರಲ್ಲಿ ಅವರಿಗೆ ನೊಬೆಲ್ ಬಹುಮಾನದ ಪಾಲು ದೊರೆಯಿತು.

ನಾಲ್ಕು ಅಕ್ಷರಗಳನ್ನು ಗುರು ಲಘುಗಳ ಜೋಡಿಯಾಗಿಯೂ ಬರೆಯಬಹುದು. ಎ ಎಂದರೆ ಗುರು ಗುರು, ಟಿ ಎಂದರೆ ಲಘು ಲಘು, ಜಿ ಎಂದರೆ ಗುರು ಲಘು, ಸಿ ಎಂದರೆ ಲಘು ಗುರು ಎಂದು ಇಟ್ಟುಕೊಳ್ಳೋಣ. ಡಿ.ಎನ್.ಎ. ಎಳೆಯಲ್ಲಿ ಎ ಎದುರಿಗೆ ಟಿ, ಜಿ ಎದುರಿಗೆ ಸಿ ನಿಲ್ಲುವುದು ನಿಯಮ. ಆದ್ದರಿಂದ ಒಂದೆಳೆಯ ಪ್ರತಿಯೊಂದು ಗುರುವನ್ನು ಲಘುವಾಗಿಯೂ ಲಘುವನ್ನು ಗುರುವಾಗಿಯೂ ಬದಲಿಸಿದರೆ ಅದರ ಜೊತೆಗಾರ ಎಳೆಯು ಸಿದ್ಧವಾಗುತ್ತದೆ. ಹತ್ತು ಅಕ್ಷರಗಳ ತುಣುಕೆಂದರೆ ಇಪ್ಪತ್ತು ಗುರುಲಘುಗಳ ಪಾದ. ಎರಡನ್ನೂ ಎಣಿಸಿದರೆ 10,48,576 ಸಾಲುಗಳೇ.

ಎರಡು ಜೀವಿಗಳಿಗೆ ನಂಟಿದೆಯೆಂದು ತಿಳಿಯುವುದು ಹೇಗೆ? ಅವುಗಳ ಡಿ.ಎನ್.ಎ. ತುಣುಕುಗಳನ್ನು ಒಂದರ ಕೆಳಗೊಂದು ಇಟ್ಟು ಹೋಲಿಸಬೇಕು. ಹತ್ತು ಅಕ್ಷರಗಳ ಎರಡು ತುಣುಕುಗಳು ಎಂಟು ಕಡೆ ಒಂದೇ ಆಗಿ, ಎರಡು ಕಡೆ ಮಾತ್ರ ಬೇರೆಯಾಗಿದ್ದರೆ, ಅದು ಕೇವಲ ಆಕಸ್ಮಿಕವಿರಬಹುದೇ ಎಂಬ ಪ್ರಶ್ನೆ ಬರುತ್ತದೆ. ಇಲ್ಲಿಯೇ ನಮ್ಮ ಗಣಿತಾಚಾರ್ಯರ ನಿಯಮವು ಮುಂದೆ ಬಂದು ನಿಲ್ಲುತ್ತದೆ. ಹತ್ತು ಸ್ಥಾನಗಳಲ್ಲಿ ಬೇರೆಯಾದ ಎರಡನ್ನು ಆರಿಸುವ ಬಗೆ 45. ಒಂದೊಂದು ಸ್ಥಾನದಲ್ಲಿಯೂ ಬೇರೆ ಮೂರು ಅಕ್ಷರಗಳು ಬರಬಹುದಾದ್ದರಿಂದ 45ನ್ನು ಒಂಬತ್ತರಿಂದ ಗುಣಿಸಿದರೆ 405. ಒಂದೇ ಕಡೆ ಬೇರೆಯಾದವು 30. ಸಂಪೂರ್ಣ ಒಂದೇ ಆದದ್ದು 1. ಎಲ್ಲ ಸೇರಿ 436. ನಾಲ್ಕೂ ಅಕ್ಷರಗಳು ಸಮನಾಗಿ, ಒಂದರ ಹಂಗು ಇನ್ನೊಂದಕ್ಕಿಲ್ಲದೆ ಬರುತ್ತವೆಯೆಂದು ಭಾವಿಸಿದರೆ, ಇಷ್ಟು ಹತ್ತಿರದ ಹೋಲಿಕೆ ಆಕಸ್ಮಿಕವಾಗಿ ಒದಗುವ ಸಂಭವವು ಸುಮಾರು 2,400ರಲ್ಲಿ ಒಂದು. ತುಣುಕು ಇಪ್ಪತ್ತು ಅಕ್ಷರಗಳದಾಗಿ, ಬೇರೆಯಾದ ಸ್ಥಾನಗಳು ಎರಡನ್ನು ಮೀರದಿದ್ದರೆ, ಆ ಸಂಭವವು ಸುಮಾರು 62 ಕೋಟಿಯಲ್ಲಿ ಒಂದಕ್ಕೆ ಇಳಿಯುತ್ತದೆ. ಉದ್ದವಾದ ತುಣುಕುಗಳಲ್ಲಿ ಇಂಥ ಹೋಲಿಕೆ ಕಂಡರೆ ಅದನ್ನು ಆಕಸ್ಮಿಕವೆನ್ನಲು ಬುದ್ಧಿ ಒಪ್ಪುವುದಿಲ್ಲ. ಅಲ್ಲಿ ಒಂದೇ ಮೂಲವಿರಬೇಕು. ಇಷ್ಟು ಲಘುಗಳುಳ್ಳ ಸಾಲುಗಳೆಷ್ಟೆಂಬ ಲಗಕ್ರಿಯೆಯ ಪ್ರಶ್ನೆಯೂ ಇಷ್ಟು ದೂರದಲ್ಲಿರುವ ಸಾಲುಗಳೆಷ್ಟೆಂಬ ಹ್ಯಾಮಿಂಗನ ಪ್ರಶ್ನೆಯೂ ಮೂಲದಲ್ಲಿ ಒಂದೇ.

ಒಂದು ತೊಡಕಿದೆ. ಸಾಲಿನಲ್ಲಿ ಒಂದಕ್ಷರವು ಬಿಟ್ಟುಹೋದರೆ ಮುಂದಿನವೆಲ್ಲವೂ ಒಂದೊಂದು ಮನೆ ಸರಿದು, ಹತ್ತಿರದ ನಂಟರೂ ಪರಕೀಯರಂತೆ ಕಾಣುತ್ತಾರೆ. ಆಗ ಸ್ಥಾನಕ್ಕೆ ಸ್ಥಾನ ಹೋಲಿಸಿದರೆ ಸಾಲದು. ಬಿಟ್ಟಕ್ಷರದ ಜಾಗವನ್ನು ಖಾಲಿ ಇಟ್ಟು ಉಳಿದವನ್ನು ಹೊಂದಿಸಬೇಕು. ಬದಲಿಸುವುದು, ಸೇರಿಸುವುದು, ಅಳಿಸುವುದು ಇವು ಮೂರನ್ನೂ ಎಣಿಸುವ ದೂರವನ್ನು ರಷ್ಯದ ಲೆವೆನ್‌ಸ್ಟೈನನು 1965ರಲ್ಲಿ ನಿರೂಪಿಸಿದನು. ಜೀವಿಗಳ ಸಾಲುಗಳನ್ನು ಹೀಗೆ ಹೊಂದಿಸಿ ನೋಡುವ ಗಣಕಕ್ರಮವನ್ನು ನೀಡ್ಲ್‌ಮನ್ ಮತ್ತು ವುನ್ಶ್ ಎಂಬಿಬ್ಬರು 1970ರಲ್ಲಿ ಕೊಟ್ಟರು.

ತರಗತಿಯಲ್ಲಿ ನಾವು ಕಂಠಪಾಠ ಮಾಡುವ ಯಮಾತಾರಾಜಭಾನಸಲಗಂ ಎಂಬ ಸೂತ್ರದಲ್ಲಿಯೂ ಈ ವಿದ್ಯೆಯ ಒಂದು ಗುಟ್ಟಿದೆ. ಹತ್ತೇ ಅಕ್ಷರಗಳು, ಆದರೆ ಮೂರು ಮೂರಾಗಿ ಒಂದೊಂದಕ್ಷರ ಸರಿಯುತ್ತ ಹೋದರೆ ಎಂಟು ಗಣಗಳೂ ಒಂದೊಂದು ಸಲ ಸಿಕ್ಕುತ್ತವೆ. ಯಮಾತಾ ಯಗಣ, ಮಾತಾರಾ ಮಗಣ, ತಾರಾಜ ತಗಣ, ಹೀಗೆ. ಒಂದು ಗಣದ ಬಾಲವೇ ಮುಂದಿನ ಗಣದ ತಲೆ. ಯಂತ್ರಗಳು ಡಿ.ಎನ್.ಎ. ಎಳೆಯನ್ನು ತುಂಡುತುಂಡಾಗಿ ಓದಿದಾಗ, ಒಂದು ತುಂಡಿನ ಬಾಲವನ್ನು ಇನ್ನೊಂದರ ತಲೆಗೆ ಹೊಂದಿಸಿ ಇಡೀ ಎಳೆಯನ್ನು ಕೂಡಿಸುವುದೂ ಇದೇ ಯುಕ್ತಿಯಿಂದ.

ಇದೆಲ್ಲ ದೂರದೇಶದ ಮಾತೆಂದು ತಿಳಿಯಬಾರದು. ನಮ್ಮ ಸೇಡಂ, ಚಿಂಚೋಳಿ, ಚಿತ್ತಾಪುರಗಳ ಹೊಲಗಳಲ್ಲಿ ಬೆಳೆಯುವ ತೊಗರಿಯ ಡಿ.ಎನ್.ಎ. ಸಾಲುಗಳ ಕರಡು 2011ರ ಕೊನೆಯಲ್ಲಿ ಪ್ರಕಟವಾಯಿತು. ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ನೇತೃತ್ವದಲ್ಲಿ ಆ ಕೆಲಸ ನಡೆಯಿತು. ತೊಗರಿಯ ಒಟ್ಟು ಉದ್ದ ಸುಮಾರು 83 ಕೋಟಿ ಅಕ್ಷರಗಳು. ಅದರಲ್ಲಿ ಸುಮಾರು 60 ಕೋಟಿಯನ್ನು ಜೋಡಿಸಿ, 48,680 ವಂಶವಾಹಿಗಳನ್ನು ಗುರುತಿಸಿದರು. ತಳಿಗೂ ತಳಿಗೂ ಇರುವ ಅಕ್ಷರಗಳ ಅಂತರವನ್ನು ನೋಡಿ, ರೋಗವನ್ನೂ ಬರವನ್ನೂ ತಡೆಯುವ ಗುಣವು ಯಾವುದರಲ್ಲಿದೆಯೆಂದು ಹುಡುಕಲು ಅದು ನೆರವಾಗುತ್ತದೆ. ಸೊರಗುರೋಗ ಬಿದ್ದು ಒಣಗಿದ ತೊಗರಿಯ ಹೊಲದ ಬದುವಿನಲ್ಲಿ ನಿಂತು ನೋಡಿದ ನಮ್ಮ ಭಾಗದ ಹುಡುಗರಿಗೆ, ಅಕ್ಷರಗಳ ಈ ಲೆಕ್ಕವು ಬರಿಯ ಪಂಡಿತರ ವಿನೋದವಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಮಹಾವೀರಾಚಾರ್ಯರು ಡಿ.ಎನ್.ಎ.ಯನ್ನು ಬಲ್ಲವರಾಗಿದ್ದರೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಅವರಿಗೆ ಗೌರವವೂ ಅಲ್ಲ, ಸತ್ಯವೂ ಅಲ್ಲ. ಹ್ಯಾಮಿಂಗನು ಅವರ ಗ್ರಂಥವನ್ನು ಓದಿ ತನ್ನ ಸಂಕೇತಗಳನ್ನು ಕಟ್ಟಿದನೆಂದೂ ಅಲ್ಲ. ಈ ಸೂತ್ರವು ಯೂರೋಪಿನಲ್ಲಿ ಬೇರೆಯಾಗಿ ಬೆಳೆಯಿತು. ಆದರೆ ಎಣಿಕೆಯನ್ನು ವಸ್ತುವಿನಿಂದ ಬಿಡಿಸಿ, ಅಡುಗೆಯಿಂದ ಕಾವ್ಯದವರೆಗೆ ಎಲ್ಲಕ್ಕೂ ಸಲ್ಲುವ ನಿಯಮವಾಗಿ ನಿಲ್ಲಿಸಿದವರು ನಮ್ಮ ನೆಲದ ಅರಸನೊಬ್ಬನ ಆಳಿಕೆಯಲ್ಲಿ ಇದ್ದರೆಂಬುದು ಸತ್ಯ. ಆ ಸತ್ಯವೇ ಸಾಕಷ್ಟು ದೊಡ್ಡದು.

ಅವರ ಗ್ರಂಥವು ನಮ್ಮ ಕೈಗೆ ಬಂದ ಕಥೆಯೂ ಪ್ರತಿಗಳ ಹೋಲಿಕೆಯ ಕಥೆಯೇ. 972ರಲ್ಲಿ ಮಾಳವದ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಮಾಡಿದನು. ಸ್ವಲ್ಪ ಕಾಲದಲ್ಲಿಯೇ ರಾಷ್ಟ್ರಕೂಟರ ಸಾಮ್ರಾಜ್ಯವೇ ಮುಗಿಯಿತು. ನಾನು ಮಳಖೇಡಕ್ಕೆ ಹೋಗಿದ್ದಾಗ ಕೋಟೆಯ ಗೋಡೆಯನ್ನೂ ನೇಮಿನಾಥ ಬಸದಿಯನ್ನೂ ಕಾಗಿಣೆಯ ನೀರನ್ನೂ ನೋಡಿದೆ. ಶಹಾಬಾದಿ ಕಲ್ಲಿನ ಮನೆಗಳ ನಡುವೆ ಹಾದುಹೋದೆ. ಅರಮನೆಯ ವೈಭವವನ್ನು ನೆನೆಯಲು ಕಲ್ಪನೆಯೇ ಬೇಕು. ಆದರೆ ಕಲ್ಲಿಗಿಂತ ತಾಳೆಯೋಲೆ ಹೆಚ್ಚು ಬಾಳಿತು. ಗಣಿತಸಾರಸಂಗ್ರಹವನ್ನು ತಲೆಮಾರಿನಿಂದ ತಲೆಮಾರಿಗೆ ಪ್ರತಿಮಾಡಿದರು. ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ಹಲವು ಹಸ್ತಪ್ರತಿಗಳನ್ನು ಕೂಡಿಸಿದರು. ಅವುಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಮೂಡಬಿದಿರೆಯ ಜೈನ ಭಂಡಾರದ ಓಲೆಯ ಪಾಠವೂ ಇತ್ತು. ಒಂದರಲ್ಲಿ ಬಿಟ್ಟದ್ದನ್ನು ಇನ್ನೊಂದರಿಂದ ತುಂಬಿ, ಒಂದರಲ್ಲಿ ಕೆಟ್ಟದ್ದನ್ನು ಇನ್ನೊಂದರಿಂದ ತಿದ್ದಿ, ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸು ಸರ್ಕಾರದ ಮುದ್ರಣಾಲಯದಿಂದ ಪ್ರಕಟಿಸಿದರು. ಅಮೆರಿಕದ ಗಣಿತೇತಿಹಾಸಕಾರ ಡೇವಿಡ್ ಯೂಜಿನ್ ಸ್ಮಿತ್ ಅದಕ್ಕೆ ಪ್ರಸ್ತಾವನೆ ಬರೆದರು. ಕನ್ನಡದ ಅನುವಾದವು ಮೈಸೂರು ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮನವರಿಂದ 2000ದಲ್ಲಿ ಹೊಂಬುಜದಿಂದ ಹೊರಬಂತು.

ವಿದ್ಯಾರ್ಥಿಮಿತ್ರರೇ, ಕಲೆ ಮತ್ತು ವಿಜ್ಞಾನವೆಂಬ ಎರಡು ಕೋಣೆಗಳ ನಡುವಣ ಗೋಡೆಯನ್ನು ಮಹಾವೀರಾಚಾರ್ಯರು ಕಂಡಿರಲಿಲ್ಲ. ಅವರ ಪುಸ್ತಕದಲ್ಲಿ ಛಂದಸ್ಸು ಗಣಿತದ ಮನೆಯಲ್ಲಿ ಉಣ್ಣುತ್ತದೆ, ಗಣಿತವು ಪದ್ಯದ ಉಡುಪು ತೊಟ್ಟು ನಡೆಯುತ್ತದೆ. ಛಂದಸ್ಸನ್ನು ಪರೀಕ್ಷೆಗಾಗಿ ಮಾತ್ರ ಓದಿ ಮರೆಯುವ ನಾವು, ಗುರು ಲಘು ಹಾಕುವಾಗ ಒಮ್ಮೆಯಾದರೂ ನಷ್ಟ ಉದ್ದಿಷ್ಟಗಳನ್ನು ಮಾಡಿ ನೋಡಬೇಕು. ನಮ್ಮ ಕಾಲೇಜಿನ ಪುಸ್ತಕಭಂಡಾರಕ್ಕೆ ಗಣಿತಸಾರಸಂಗ್ರಹದ ಕನ್ನಡ ಪ್ರತಿಯೊಂದನ್ನು ತರಿಸಿಕೊಡಬೇಕೆಂದು ಗುರುಗಳಲ್ಲಿ ನನ್ನ ವಿನಮ್ರ ಬಿನ್ನಹ. ಮಳಖೇಡದ ಮಣ್ಣಿನ ಮಕ್ಕಳು ಅದನ್ನು ಬಿಚ್ಚಿ ಓದಿದರೆ, ತನ್ನ ಊರನ್ನೂ ಹೆತ್ತವರನ್ನೂ ಹೇಳಿಕೊಳ್ಳದೆ ಹೋದ ಆ ಹಿರಿಯರಿಗೆ ನಾವೇ ಬಂಧುಗಳಾದಂತೆ ಆಗುತ್ತದೆ.